ಎರಡು ಇಂಚು ಇಳಿದವರು

ಆ ಬೀದಿಯಲ್ಲಿ ಅವನ ನಿಜವಾದ ಹೆಸರು ಗೊತ್ತಿದ್ದವರು ಇಬ್ಬರೇ. ಒಬ್ಬಳು ಅವನ ಹೆಂಡತಿ. ಅವಳು ‘ರೀ’ ಎನ್ನುವುದರಲ್ಲೇ ಸಂಸಾರ ಸಾಗಿಸಿದ್ದಳು. ಇನ್ನೊಬ್ಬ ಅಂಚೆಯವನು, ಅವನು ಕಾಗದ ಕೊಟ್ಟ ಮರುಗಳಿಗೆಗೆ ಮರೆತುಬಿಡುತ್ತಿದ್ದ. ಉಳಿದವರಿಗೆಲ್ಲ ಅವನು ಅರ್ಧಿಂಚಪ್ಪ.

ಈ ಹೆಸರು ಅವನು ತಾನಾಗಿ ಮೈಮೇಲೆ ಎಳೆದುಕೊಂಡದ್ದು. ಟೈಲರ್ ಅಂಗಡಿ ತೆರೆದ ವರ್ಷ ಎಲ್ಲರ ಹಾಗೆ ‘ಇಲ್ಲಿ ಬಟ್ಟೆ ಹೊಲಿದು ಕೊಡಲಾಗುವುದು’ ಎಂದು ಬೋರ್ಡು ಬರೆಸಿದ್ದರೆ ಏನೂ ಆಗುತ್ತಿರಲಿಲ್ಲ. ಅವನು ಕೆಂಪು ಬಣ್ಣದಲ್ಲಿ, ಮೊಳದುದ್ದದ ಅಕ್ಷರಗಳಲ್ಲಿ, ‘ನಮ್ಮಲ್ಲಿ ಅರ್ಧ ಇಂಚೂ ತಪ್ಪುವುದಿಲ್ಲ’ ಎಂದು ಬರೆಸಿದ. ಬೀದಿ ಒಂದು ವಾರ ನಕ್ಕಿತು. ಆಮೇಲೆ ಬಟ್ಟೆ ಹೊಲಿಸಿ ಹಾಕಿಕೊಂಡು ನೋಡಿತು, ನಗು ನಿಲ್ಲಿಸಿತು. ಹೆಸರು ಮಾತ್ರ ಉಳಿಯಿತು.

ನಿಜ ಹೇಳಬೇಕೆಂದರೆ ಇಪ್ಪತ್ತೆರಡು ವರ್ಷ ಅವನ ಕೈಯಿಂದ ಹೊರಟ ಅಂಗಿ, ಪ್ಯಾಂಟು, ಕೋಟುಗಳು ಹೇಳಿದ ಮಾತು ಕೇಳುವ ಮಕ್ಕಳ ಹಾಗೆ ಮೈಮೇಲೆ ಕೂರುತ್ತಿದ್ದವು. ಅವನ ಕೆಲಸಕ್ಕೆ ಒಂದು ಕಟ್ಟುನಿಟ್ಟಿತ್ತು: ಮೈಗೆ ಟೇಪು, ಬಟ್ಟೆಗೆ ಮರ. ಗಿರಾಕಿಯ ಮೈ ಅಳೆಯುವುದು ಕೊರಳಲ್ಲಿ ನೇತಾಡುವ ಹಳದಿ ಟೇಪಿನಿಂದ. ಮೇಜಿನ ಮೇಲೆ ಬಟ್ಟೆ ಹಾಸಿ ಸೀಮೆಸುಣ್ಣದ ಗೆರೆ ಎಳೆಯುವುದು ಗುರುವಿನಿಂದ ಬಂದ ಮರದ ಸ್ಕೇಲಿನಿಂದ. ಟೇಪು ಬಟ್ಟೆಯನ್ನು ಮುಟ್ಟಬಾರದು, ಸ್ಕೇಲು ಮೈಯನ್ನು ಮುಟ್ಟಬಾರದು. ಯಾಕೆ ಎಂದು ಅವನು ಗುರುವನ್ನು ಕೇಳಿರಲಿಲ್ಲ. ಅವನನ್ನೂ ಯಾರೂ ಕೇಳಿರಲಿಲ್ಲ.

ಅಳತೆ ತೆಗೆಯುವಾಗ ಅವನ ಗತ್ತು ನೋಡಬೇಕಿತ್ತು. ಎಡಗೈಯ ಹೆಬ್ಬೆರಳಿನಡಿ ಟೇಪಿನ ತುದಿ ಒತ್ತಿಹಿಡಿದು, ಬಲಗೈಯಲ್ಲಿ ಎಳೆದು, ಬಲಗೈಯ ಅಂಕಿಯನ್ನಷ್ಟೇ ನೋಡಿ ಕೂಗುವನು. ಮೂಲೆಯಲ್ಲಿ ಗುಂಡಿತೂತುಗಳಿಗೆ ಕಾಜಾ ಹಾಕುತ್ತ ಕೂತ ಹೆಂಡತಿ ಪುಸ್ತಕದಲ್ಲಿ ಬರೆದುಕೊಳ್ಳುವಳು. ಎಡಗೈಯ ಕಡೆ ಅವನು ನೋಡಿದವನೇ ಅಲ್ಲ. ತುದಿ ಇದ್ದಲ್ಲಿ ಇರುತ್ತದೆ, ಅದನ್ನೇನು ನೋಡುವುದು?

ಒಂದು ಮಧ್ಯಾಹ್ನ ಊಟ ಮುಗಿಸಿ ಅವನು ಕುರ್ಚಿಯಲ್ಲೇ ತೂಕಡಿಸುತ್ತಿದ್ದಾಗ ಟೇಪಿನ ತುದಿಯ ಹಿತ್ತಾಳೆ ತಗಡು ಕಳಚಿ ಬಿತ್ತು. ಎಳೆಗಳು ಮುದುಕನ ಹುಬ್ಬಿನ ಹಾಗೆ ಕೆದರಿಕೊಂಡವು. ಅವನ ಹೆಂಡತಿಗೆ ಬಿಚ್ಚಿದ ಎಳೆ ಕಂಡರೆ ಕೈ ಕಟ್ಟಿಕೊಂಡು ಕೂರಲಾಗದು. ಗಂಡನ ನಿದ್ದೆ ಕೆಡದಂತೆ ಮೆಲ್ಲಗೆ ಟೇಪು ತೆಗೆದುಕೊಂಡಳು. ಕೆದರಿದ ಭಾಗವನ್ನು ನೇರವಾಗಿ, ಚೆಂದವಾಗಿ ಕತ್ತರಿಸಿದಳು. ಅಂಚಿಗೆ ಕಾಜಾದ ಹೊಲಿಗೆ ಹಾಕಿ, ಹಿತ್ತಾಳೆ ತಗಡನ್ನು ಹಲ್ಲಲ್ಲಿ ಕಚ್ಚಿ ಕೂರಿಸಿ, ಮತ್ತೆ ಅವನ ಕೊರಳಿಗೆ ಹಾಕಿದಳು. ಕತ್ತರಿಸಿದ ಚೂರು ಎಲ್ಲ ಚೂರುಗಳಂತೆ ಚಿಂದಿಯ ಚೀಲಕ್ಕೆ ಹೋಯಿತು. ಎಂದಾದರೊಂದು ದಿನ ಆ ಚೀಲದಿಂದ ದಿಂಬು ತುಂಬುವುದು ಅವಳ ಆಸೆ. ಅರ್ಧಿಂಚಪ್ಪ ಎದ್ದು ಆಕಳಿಸಿದ. ಟೇಪಿನ ತುದಿ ಇಷ್ಟು ಅಚ್ಚುಕಟ್ಟಾಗಿ ಎಂದೂ ಇರಲಿಲ್ಲ. ಎಡಗಡೆ ನೋಡುವ ಅಭ್ಯಾಸವಿಲ್ಲದ್ದರಿಂದ ಅದೂ ಕಾಣಲಿಲ್ಲ.

ಆ ವಾರ ಮೊದಲು ಬಂದವನು ಸಿಮೆಂಟ್ ಅಂಗಡಿಯ ಸಾಹುಕಾರ. ಉಸಿರು ಬಿಗಿಹಿಡಿದು ನಿಂತ.

“ಉಸಿರು ಬಿಡಿ ಸಾಹುಕಾರ್ರೇ. ಪ್ಯಾಂಟ್ ಹಾಕ್ಕೊಂಡ ಮೇಲೆ ಬಿಡಲೇಬೇಕಲ್ಲ... ಸೊಂಟ ನಲವತ್ತನಾಲ್ಕು!”

“ಏನು? ಹೋದ ವರ್ಷ ನಲವತ್ತೆರಡಿತ್ತಲ್ಲಯ್ಯಾ!”

“ಹೋದ ವರ್ಷ ಹೋಯ್ತಲ್ಲ. ಟೇಪಿಗೆ ದಾಕ್ಷಿಣ್ಯ ಗೊತ್ತಿಲ್ಲ.”

ಸಾಹುಕಾರ ಒಂದು ವರ್ಷದಲ್ಲಿ ತಾನು ತಿಂದದ್ದನ್ನೆಲ್ಲ ನೆನೆಸಿಕೊಂಡ. ನಲವತ್ತನಾಲ್ಕು ಅನುಮಾನಪಡುವಂಥ ಅಂಕಿಯಾಗಿ ಕಾಣಲಿಲ್ಲ. ಮಾರನೆಯ ದಿನ ಬೆಳಿಗ್ಗೆಯಿಂದಲೇ ನಡೆಯಲು ಶುರುಮಾಡಿದ.

ಎರಡನೆಯವನು ಬ್ಯಾಂಕಿನ ಗುಮಾಸ್ತ. ಮದುವೆಯಾಗಿ ಮೂರು ತಿಂಗಳಾಗಿತ್ತು. ಅವನ ತಾಯಿ ಅಳತೆ ಕೊಡಿಸಿ, ಅಲ್ಲಿಂದ ಹಾಗೇ ತಂಗಿಯ ಮನೆಗೆ ಎಂಟು ದಿನಕ್ಕೆಂದು ಹೊರಟಳು. ಮೂರನೆಯವರು ಕಾಲೇಜಿನಲ್ಲಿ ನಲವತ್ತು ವರ್ಷ ತರ್ಕಶಾಸ್ತ್ರ ಹೇಳಿ ನಿವೃತ್ತರಾದ ಮೇಷ್ಟ್ರು. ಹಳೆಯ ವಿದ್ಯಾರ್ಥಿಗಳು ಅವರಿಗೆ ಸನ್ಮಾನ ಇಟ್ಟುಕೊಂಡಿದ್ದರು, ಅದಕ್ಕೊಂದು ಕೋಟು. ಅಳತೆ ತೆಗೆಯುವಷ್ಟು ಹೊತ್ತೂ ಮೇಷ್ಟ್ರು ಮಾತಾಡುತ್ತಲೇ ಇದ್ದುದರಿಂದ ತಮ್ಮ ತೋಳು ಎಷ್ಟುದ್ದವೆಂದು ಅವರು ಕೇಳಿಸಿಕೊಳ್ಳಲಿಲ್ಲ. ನಾಲ್ಕನೆಯವನು ಸ್ವತಃ ಅರ್ಧಿಂಚಪ್ಪ. ಬಿಳಿ ಬಟ್ಟೆ ಸ್ವಲ್ಪ ಮಿಕ್ಕಿತ್ತು. “ಊರಿಗೆಲ್ಲ ಹೊಲೀತೀರಿ, ನಿಮ್ಮ ಬೆನ್ನಲ್ಲಿ ಗಾಳಿ ಆಡ್ತಿದೆ,” ಎಂದು ಹೆಂಡತಿ ಹೇಳಿದ್ದಕ್ಕೆ ತನಗೂ ಒಂದು ಅಂಗಿಗೆ ಅಳತೆ ತೆಗೆದುಕೊಂಡ. ತುದಿಯನ್ನು ತಾನೇ ಹಿಡಿದುಕೊಂಡ.

ಎಂಟನೆಯ ದಿನ ಸಾಹುಕಾರ ಹೊಸ ಪ್ಯಾಂಟು ಹಾಕಿಕೊಂಡು ಪರದೆಯ ಹಿಂದಿನಿಂದ ಹೊರಬಂದ. ಒಂದು ಕೈ ಸೊಂಟದ ಮುಂದೆ ಹಿಡಿದಿತ್ತು. ಹಿಡಿಯದಿದ್ದರೆ ಪ್ಯಾಂಟು ಅವನ ಜೊತೆ ಹೊರಗೆ ಬರುತ್ತಿರಲಿಲ್ಲ. ಅರ್ಧಿಂಚಪ್ಪ ಬಗ್ಗಿ ಆ ಸಡಿಲನ್ನು ನೋಡಿದ.

“ಸಾಹುಕಾರ್ರೇ, ಎಲ್ಲೋ ನನ್ನ ಕೈ...”

“ಬಾಯ್ಮುಚ್ಚು!” ಸಾಹುಕಾರನ ಮುಖ ಹಿತ್ತಾಳೆ ತಂಬಿಗೆಯ ಹಾಗೆ ಬೆಳಗುತ್ತಿತ್ತು. “ನಿನ್ನ ಕೈ ತಪ್ಪೋದುಂಟೇನಯ್ಯಾ? ಬೋರ್ಡ್ ಓದಕ್ಕೆ ಬರಲ್ವಾ ನನಗೆ? ನಡೆದರೆ ಸೊಂಟ ಇಳಿಯುತ್ತೆ. ಎಂಟು ದಿನ ನಡೆದೆ. ಇಳೀತು. ನೋಡು, ನಾಲ್ಕು ಬೆರಳು ಹೋಗುತ್ತೆ!”

“ಕಾಲೂ ಉದ್ದ ಆಗಿದೆಯಲ್ಲ... ನೆಲ ಗುಡಿಸ್ತಾ ಇದೆ.”

“ಸೊಂಟ ಇಳಿದರೆ ಪ್ಯಾಂಟು ಕೆಳಗೆ ಜಾರುತ್ತೆ. ಜಾರಿದರೆ ಕಾಲು ಉದ್ದ ಆಗುತ್ತೆ. ಇದೂ ಹೇಳಿಕೊಡಬೇಕಾ ನಿನಗೆ?”

ಅದೇ ಪ್ಯಾಂಟು ಎರಡು ಇಂಚು ಬಿಗಿಯಾಗಿದ್ದರೆ ಸಾಹುಕಾರ ಮೇಜು ಗುದ್ದಿ, ಹೊಲಿಗೆ ಬಿಚ್ಚಿಸಿ, ನೂಲಿನ ಜಾತಕ ಕೇಳುತ್ತಿದ್ದ. ಸಡಿಲವಾಗಿದ್ದರಿಂದ ಕೇಳಲಿಲ್ಲ. ಹಳೆಯ ಬೆಲ್ಟು ಬಿಗಿದುಕೊಂಡು, ಬೀದಿಯ ಎರಡೂ ಬದಿಯ ಅಂಗಡಿಗಳಿಗೆ ಹೊಕ್ಕು ತನ್ನ ನಾಲ್ಕು ಬೆರಳು ತೋರಿಸುತ್ತ ಹೋದ.

ಮಧ್ಯಾಹ್ನ ಗುಮಾಸ್ತನೂ ಅವನ ತಾಯಿಯೂ ಬಂದರು. ತಂಗಿಯ ಮನೆಯಿಂದ ಆಗಷ್ಟೇ ಬಂದಿಳಿದ ತಾಯಿ ಮಗ ಅಂಗಿ ಹಾಕಿಕೊಂಡದ್ದನ್ನು ಕಂಡದ್ದೇ ಬೆಂಚಿನ ಮೇಲೆ ಕುಸಿದು ಕೂತಳು. ಕೊರಳಪಟ್ಟಿಯೊಳಗೆ ಮಗನ ಕತ್ತು ಬಾವಿಯಲ್ಲಿ ಬಿಟ್ಟ ಕೊಡದ ಹಾಗೆ ಅತ್ತಿತ್ತ ಆಡುತ್ತಿತ್ತು.

“ಎಂಟೇ ದಿನ! ಎಂಟು ದಿನ ನಾನು ಮನೇಲಿಲ್ಲ, ನನ್ನ ಮಗನ್ನ ಅರ್ಧ ಮಾಡಿಬಿಟ್ಟಳು ಆ ಮಹಾರಾಯಿತಿ!”

“ಅಮ್ಮಾ, ನಾನು ಹೊಟ್ಟೆ ತುಂಬಾ ತಿಂದಿದ್ದೀನಿ. ಅವಳು ನಿನಗಿಂತ...”

“ಸುಮ್ನಿರೋ ನೀನು. ಹೊಟ್ಟೆಗಿಲ್ಲದೆ ಬುದ್ಧಿ ಮಂಕಾಗಿದೆ.”

ಅರ್ಧಿಂಚಪ್ಪ ಧೈರ್ಯ ತಂದುಕೊಂಡ. “ಅಮ್ಮಾ, ಒಂದು ವೇಳೆ ನನ್ನ ಅಳತೆಯಲ್ಲೇ...”

“ನೀವು ಒಳ್ಳೆಯವರು, ಅವಳನ್ನ ಕಾಪಾಡೋಕೆ ತಪ್ಪು ನಿಮ್ಮ ಮೇಲೆ ಹಾಕ್ಕೋಬೇಡಿ,” ಎಂದು ತಾಯಿ ಕಣ್ಣೊರೆಸಿಕೊಂಡಳು. “ಮೊದಲ ದಿನವೇ ಹೇಳಿದ್ದೆ ನಾನು, ಆ ಹುಡುಗಿ ಕೈ ಬಿಗಿ ಅಂತ. ಈಗ ಸಾಕ್ಷಿ ಸಿಕ್ತು.”

ಹೀಗೆ ಒಂದೇ ದಿನದಲ್ಲಿ ಅರ್ಧಿಂಚಪ್ಪ ಎರಡು ಸಲ ತಪ್ಪೊಪ್ಪಿಕೊಳ್ಳಲು ಹೋಗಿ ಎರಡು ಸಲವೂ ನಿರ್ದೋಷಿಯಾಗಿ ಬಿಡುಗಡೆಯಾದ. ಅನುಮಾನ ಅವನಿಗೂ ಹೆಚ್ಚು ಇಷ್ಟವಿರಲಿಲ್ಲ. ನನ್ನ ಅಳತೆ ತಪ್ಪುವುದಿಲ್ಲ, ಬಟ್ಟೆ ಸಡಿಲವಾಗಿದೆ, ಅಂದ ಮೇಲೆ ಅವರ ಮೈಯೇ ಇಳಿದಿದೆ. ಸರಿಯಾಗಿಯೇ ಇದೆ ಲೆಕ್ಕ ಎಂದುಕೊಂಡು ಸಂಜೆ ಹೊತ್ತಿಗೆ ಶಿಳ್ಳೆ ಹಾಕುತ್ತ ತನ್ನ ಅಂಗಿಯ ಕೊನೆಯ ಗುಂಡಿ ಹಾಕಿಸಿದ. ಹಾಕಿಕೊಂಡು ಕನ್ನಡಿಯ ಮುಂದೆ ನಿಂತ.

ಶಿಳ್ಳೆ ನಿಂತಿತು.

ತೋಳು ಬೆರಳಿನ ತುದಿಯವರೆಗೆ ಬಂದಿತ್ತು. ಕೊರಳಪಟ್ಟಿಯೊಳಗೆ ಇನ್ನೊಬ್ಬರಿಗೆ ಜಾಗವಿತ್ತು. ಅರ್ಧಿಂಚಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ: ಸಾಹುಕಾರ ಇಳಿದ, ನಡೆದದ್ದಕ್ಕೆ. ಗುಮಾಸ್ತ ಇಳಿದ, ಹೆಂಡತಿ ಹಾಕದ್ದಕ್ಕೆ. ನಾನು ನಡೆದಿಲ್ಲ. ನನ್ನ ಹೆಂಡತಿ ಬೇಡವೆಂದರೂ ಬಡಿಸುತ್ತಾಳೆ. ಹಾಗಾದರೆ ನನಗೆ ಉಳಿದ ಕಾರಣ ಯಾವುದು?

“ಏನ್ರೀ, ಮುಖ ಯಾಕೆ ಹೀಗೆ ಬಿಳುಚಿಕೊಂಡಿದೆ?” ಎಂದು ಹೊರಬಂದ ಹೆಂಡತಿ ಅಂಗಿಯನ್ನು ನೋಡಿ, ಕೈಯಲ್ಲಿದ್ದ ಸೂಜಿ ಬಿಟ್ಟಳು. ತಕ್ಷಣ ತಮ್ಮನಿಗೆ ಹೇಳಿಕಳಿಸಿದಳು.

ತಮ್ಮ ಒಂದು ಕ್ಲಿನಿಕ್ಕಿನಲ್ಲಿ ಕಾಂಪೌಂಡರ್. ಒಳ್ಳೆಯವನೇ, ಆದರೆ ಎರಡು ದೌರ್ಬಲ್ಯಗಳು: ಕಣ್ಣಿಗೆ ಬಿದ್ದವರೆಲ್ಲ ಕಾಯಿಲೆಯವರಾಗಿ ಕಾಣುತ್ತಿದ್ದರು, ಭಾವನ ಅಂಗಡಿ ಕಣ್ಣಿಗೆ ಬಿದ್ದಾಗಲೆಲ್ಲ ಅದು ಔಷಧಿ ಅಂಗಡಿಯಾಗಿ ಕಾಣುತ್ತಿತ್ತು. ಬಂದವನೇ ಭಾವನ ಅಂಗಿಯ ಸಡಿಲನ್ನು ಹಿಡಿಹಿಡಿಯಾಗಿ ಹಿಡಿದು ನೋಡಿದ. ಕಣ್ಣಿನ ರೆಪ್ಪೆ ಎಳೆದು ನೋಡಿದ. ನಾಲಿಗೆ ಚಾಚಿಸಿದ.

“ನೋಡಿ ಭಾವ, ಮುಚ್ಚಿಟ್ಟು ಹೇಳಲ್ಲ. ಒಳಗಿಂದ ತಿನ್ನೋ ಕಾಯಿಲೆ ಇರೋರೆಲ್ಲ ಸಣ್ಣಗಾಗ್ತಾರೆ. ನೀವು ಸಣ್ಣಗಾಗಿದ್ದೀರಿ. ಅಂದ್ಮೇಲೆ...” ಎಂದು ಅರ್ಧಕ್ಕೆ ನಿಲ್ಲಿಸಿ ಅಕ್ಕನ ಕಡೆ ನೋಡಿದ.

ಅಕ್ಕ ಗೊಳೋ ಎಂದು ಅತ್ತಳು.

ಮರುದಿನ ಕ್ಲಿನಿಕ್ಕಿನಲ್ಲಿ ಅವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮುಳ್ಳು ಐವತ್ತೆಂಟಕ್ಕೆ ಬಂದು ನಿಂತಿತು. ಹತ್ತು ವರ್ಷದಿಂದ ಅವನು ಐವತ್ತೆಂಟೇ.

“ತೂಕ ಇಳಿದೇ ಇಲ್ಲವಲ್ಲೋ?” ಎಂದ ಅರ್ಧಿಂಚಪ್ಪನ ಧ್ವನಿಯಲ್ಲಿ ಜೀವ ಬಂತು.

“ಯಂತ್ರ ಹಳೇದು ಭಾವ, ನೆಚ್ಚೋಕಾಗಲ್ಲ. ನಿಮ್ಮ ಟೇಪ್ ನಂಬ್ತೀನಿ, ಇದನ್ನ ನಂಬಲ್ಲ.”

ಆ ಮಾತು ಅರ್ಧಿಂಚಪ್ಪನಿಗೆ ಏಕಕಾಲಕ್ಕೆ ಹೆಮ್ಮೆಯನ್ನೂ ಸಾವಿನ ಭಯವನ್ನೂ ತಂದಿತು. ಡಾಕ್ಟರು ಎದೆಗೆ, ಬೆನ್ನಿಗೆ ಕೊಳವೆ ಇಟ್ಟು, ಹೊಟ್ಟೆ ಒತ್ತಿ, ನಕ್ಕು, “ಏನೂ ಆಗಿಲ್ಲ, ಮನೆಗೆ ಹೋಗಿ ಊಟ ಮಾಡಿ,” ಎಂದರು. ಹೊರಗೆ ಬಂದ ಮೇಲೆ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. “ಹೇಳಬಾರದ ಕಾಯಿಲೆ ಇದ್ದಾಗಲೇ ಡಾಕ್ಟರು ಹಾಗೆ ನಗೋದು.”

ಅಂದಿನಿಂದ ಅರ್ಧಿಂಚಪ್ಪನಿಗೆ ಹಸಿವು ಹೋಯಿತು. ಎಡ ಮೊಣಕಾಲು ನೋಯಲು ಶುರುವಾಯಿತು. ಇಪ್ಪತ್ತೆರಡು ವರ್ಷದಿಂದಲೂ ನೋಯುತ್ತಿತ್ತು, ಆದರೆ ಈಗ ಅದಕ್ಕೆ ಅರ್ಥ ಬಂತು. ಮೆಷಿನ್ನಿನ ಮುಂದೆ ಕೂತರೆ ಸೂಜಿಯ ಟಿಕಟಿಕ ದಿನ ಎಣಿಸಿದಂತೆ ಕೇಳುತ್ತಿತ್ತು. ದಿನಕ್ಕೆ ಮೂರು ಸಲ ಆ ಬಿಳಿ ಅಂಗಿ ಹಾಕಿಕೊಂಡು ಕನ್ನಡಿ ನೋಡುತ್ತಿದ್ದ. ಮೂರು ಸಲವೂ ಅದು ಸಡಿಲವಾಗಿಯೇ ಇರುತ್ತಿತ್ತು.

ಮೂರನೆಯ ದಿನ ಭಾವಮೈದುನ ಮೆತ್ತಗೆ ವಿಷಯ ಎತ್ತಿದ. “ಭಾವ, ನೀವಿನ್ನು ದುಡೀಬಾರದು. ಅಂಗಡಿ ನನಗೆ ಬಿಡಿ. ಔಷಧಿ ಇಡ್ತೀನಿ. ನಿಮಗೆ ಬೇಕಾದ್ದೂ ಮನೆ ಪಕ್ಕದಲ್ಲೇ ಸಿಗುತ್ತೆ.”

“ಮೆಷಿನ್ನು?” ಎಂದ ಅರ್ಧಿಂಚಪ್ಪ. ಅಷ್ಟೇ ಕೇಳಲು ಅವನಿಗೆ ಶಕ್ತಿ ಇದ್ದದ್ದು.

“ಅದನ್ನ ಯಾರಾದ್ರೂ ತಗೋತಾರೆ ಬಿಡಿ. ಈಗ ಒಂದು ಉಪಕಾರ ಮಾಡಿ. ಆ ಎರಡು ಗೋಡೆ ಮಧ್ಯೆ ಔಷಧಿ ಬೀರು ಕೂರಿಸಬೇಕು. ನೀವೇ ಅಳತೆ ತೆಗೆದುಕೊಡಿ. ನಿಮ್ಮ ಟೇಪಿನಷ್ಟು ನೆಚ್ಚಿಕೆ ಇನ್ಯಾವುದಿದೆ?”

ತನ್ನ ಕೊನೆಯ ಅಳತೆ ಎಂದು ಅರ್ಧಿಂಚಪ್ಪ ಎದ್ದ. ಎಡಗೈಯಲ್ಲಿ ತುದಿಯನ್ನು ಒಂದು ಗೋಡೆಗೆ ಒತ್ತಿ, ಬಲಗೈಯಲ್ಲಿ ಇನ್ನೊಂದು ಗೋಡೆಯವರೆಗೆ ಎಳೆದು, ತಗ್ಗಿದ ದನಿಯಲ್ಲಿ ಕೂಗಿದ: “ಐವತ್ತು.” ಹೆಂಡತಿ ಅಳುತ್ತಲೇ ಬರೆದುಕೊಂಡಳು. ಕೊರಳಿಂದ ಟೇಪು ತೆಗೆದು ಮಡಿಸಿ ಮೇಜಿನ ಮೇಲಿಟ್ಟ. ಬೋಳು ಕೊರಳಲ್ಲಿ ಅವನು ಪೂರ್ತಿ ಬೇರೆಯವನಂತೆ ಕಾಣುತ್ತಿದ್ದ.

ಅಂಗಡಿ ಬಿಟ್ಟುಕೊಡುವ ದಿನ ಬೆಳಿಗ್ಗೆ ಬೋರ್ಡು ಇಳಿಸಿ ಗೋಡೆಗೆ ಒರಗಿಸಿದ್ದರು. ಮೆಷಿನ್ನಿನ ಮೇಲೆ ಹಳೆಯ ದುಪ್ಪಟಿ ಹೊದಿಸಿತ್ತು. ಬೀಗದ ಕೈ ಆಗಲೇ ಭಾವಮೈದುನನ ಜೇಬಿನಲ್ಲಿತ್ತು. ಆಗ ತರ್ಕದ ಮೇಷ್ಟ್ರು ಕೋಟು ತೆಗೆದುಕೊಂಡು ಹೋಗಲು ಬಂದರು. ಸನ್ಮಾನ ಅಂದೇ ಸಂಜೆ ಐದಕ್ಕೆ.

“ಇದೇನಯ್ಯಾ, ಮನೆ ಖಾಲಿ ಮಾಡ್ತಿದ್ದೀಯಾ?”

“ಮನೆಯಲ್ಲ ಮೇಷ್ಟ್ರೇ, ಭೂಮಿಯನ್ನೇ,” ಎಂದು ಅರ್ಧಿಂಚಪ್ಪ ನಿಟ್ಟುಸಿರಿಟ್ಟ. ಭಾವಮೈದುನ ಮುಂದೆ ಬಂದು, ಹತ್ತು ವರ್ಷದ ಐವತ್ತೆಂಟು ಕಿಲೋವನ್ನೇ ತೋರಿಸಿದ ಹಳೇ ಯಂತ್ರದ ಸಮೇತ, ಕಾಯಿಲೆಯ ಸಂಗತಿಯನ್ನು ಹೇಗೆ ಕಂಡುಹಿಡಿದೆ ಎಂದು ವಿವರಿಸಿದ.

“ನಿಲ್ಲು ನಿಲ್ಲು,” ಎಂದರು ಮೇಷ್ಟ್ರು. “ಕಾಯಿಲೆಯವರೆಲ್ಲ ಸಣ್ಣಗಾಗ್ತಾರೆ, ಇವನು ಸಣ್ಣಗಾಗಿದ್ದಾನೆ, ಆದ್ದರಿಂದ ಇವನಿಗೆ ಕಾಯಿಲೆ. ಹಾಗೇ ತಾನೆ? ಸರಿ. ಕಳ್ಳರೆಲ್ಲ ಚಪ್ಪಲಿ ಹಾಕ್ತಾರೆ. ನೀನು ಚಪ್ಪಲಿ ಹಾಕಿದ್ದೀಯ. ಆದ್ದರಿಂದ?”

“ಏನ್ರೀ ಹಾಗಂದ್ರೆ! ನನ್ನನ್ನ ಕಳ್ಳ ಅಂತೀರಾ?”

“ನಾನಲ್ಲಪ್ಪ, ನಿನ್ನ ತರ್ಕ ಹೇಳ್ತಿದೆ. ಎರಡೂ ಒಂದೇ ಅಚ್ಚು. ಒಂದು ನಿನಗೆ ರುಚಿಸಿತು, ಇನ್ನೊಂದು ರುಚಿಸಲಿಲ್ಲ, ಅಷ್ಟೇ.”

ಅರ್ಧಿಂಚಪ್ಪನಿಗೆ ಮೇಷ್ಟ್ರ ಮೇಲೆ ಸಿಟ್ಟು ಬಂತು. ಕಷ್ಟಪಟ್ಟು ಸಾಯಲು ತಯಾರಾದ ಮನುಷ್ಯನ ಮುಂದೆ ಚಪ್ಪಲಿಯ ಮಾತೇ? “ಹಾಗಾದ್ರೆ ನನ್ನ ಅಂಗಿ ಯಾಕೆ ಸಡಿಲ ಆಯ್ತು, ಹೇಳಿ ನೋಡೋಣ!”

ಉತ್ತರ ಹೊಳೆಯುವವರೆಗೆ ಎಂದು ಮೇಷ್ಟ್ರು ಕೋಟು ತೊಟ್ಟರು. ಎರಡು ಕೈಗಳೂ ತೋಳುಗಳ ಒಳಗೆ ಮುಳುಗಿಹೋದವು. ಉಗುರಿನ ತುದಿಯಷ್ಟೇ ಇಣುಕುತ್ತಿತ್ತು. ಅವರು ಬಹಳ ಹೊತ್ತು ಕನ್ನಡಿ ನೋಡಿದರು. ಮುಖ ಇಳಿಯಿತು.

“ವಯಸ್ಸು,” ಎಂದರು ಮೆಲ್ಲಗೆ. “ಮುದುಕರು ಕುಗ್ಗುತ್ತಾರೆ. ಓದಿದ್ದೆ. ಇಷ್ಟು ಬೇಗ ಅಂತ ಅಂದುಕೊಂಡಿರಲಿಲ್ಲ.”

ಚಪ್ಪಲಿಯ ಕೇಸಿನಲ್ಲಿ ಗೆದ್ದ ಮೇಷ್ಟ್ರು ಕೋಟಿನ ಕೇಸಿನಲ್ಲಿ ಒಂದು ಪ್ರಶ್ನೆಯನ್ನೂ ಕೇಳದೆ ಸೋತು ಸ್ಟೂಲಿನ ಮೇಲೆ ಕೂತರು.

ಅಷ್ಟರಲ್ಲಿ ಬಡಗಿ ಇಬ್ಬರು ಆಳುಗಳ ಹೆಗಲ ಮೇಲೆ ಬೀರು ಹೊರಿಸಿಕೊಂಡು ಬಂದ. ಎರಡು ಗೋಡೆಗಳ ನಡುವೆ ತಳ್ಳಿದರು. ಹೋಗಲಿಲ್ಲ. ಓರೆಮಾಡಿ ತಳ್ಳಿದರು. ಸುಣ್ಣ ಉದುರಿತು, ಬೀರು ಹೋಗಲಿಲ್ಲ.

“ಏನಯ್ಯಾ ಇದು, ಹೇಳಿದ್ದೇನು ನೀನು ಮಾಡಿದ್ದೇನು!” ಎಂದ ಭಾವಮೈದುನ.

“ನೀವು ಹೇಳಿದ್ದು ಐವತ್ತು, ನಾನು ಮಾಡಿದ್ದು ಐವತ್ತು,” ಎಂದು ಬಡಗಿ ಸೊಂಟದಿಂದ ಉಕ್ಕಿನ ಟೇಪು ಎಳೆದು ಬೀರಿನ ಮೇಲಿಟ್ಟ. ಐವತ್ತೇ. ಆಮೇಲೆ ಗೋಡೆಗಳ ನಡುವೆ ಹಿಡಿದ. “ನಿಮ್ಮ ಜಾಗ ನಲವತ್ತೆಂಟು.”

“ಸಾಧ್ಯವೇ ಇಲ್ಲ. ನಮ್ಮ ಭಾವ ತೆಗೆದ ಅಳತೆ. ಅವರ ಟೇಪು ತಪ್ಪಲ್ಲ.”

“ನನ್ನದೂ ತಪ್ಪಲ್ಲ. ಹಾಗಾದ್ರೆ ಏನಾಯ್ತು, ಗೋಡೆ ನಡೆದು ಬಂತಾ?”

ಭಾವಮೈದುನ ಉದುರಿದ ಸುಣ್ಣವನ್ನು ಕಾಲಲ್ಲಿ ಸರಿಸಿದ. “ಹಳೇ ಗೋಡೆ. ಥಂಡಿಗೆ ಒಂದೆರಡು ಇಂಚು ಒಳಗೆ ಬಂದಿರಬಹುದು.”

“ಅಂದ್ರೆ ಗೋಡೆ ಮಧ್ಯದ ಜಾಗಾನೂ ಇಳೀತು ಅನ್ನಿ,” ಎಂದ ಬಡಗಿ. “ಡಾಕ್ಟರಿಗೆ ತೋರಿಸಿದ್ರಾ?”

ಆಳುಗಳು ನಕ್ಕರು. ನಗದೆ ಇದ್ದವರು ಮೇಷ್ಟ್ರೊಬ್ಬರೇ. ಸ್ಟೂಲಿನಿಂದ ಎದ್ದು, ತೋಳಿನೊಳಗಿಂದ ಒಂದು ಉಗುರನ್ನು ಹೊರಗೆ ಚಾಚಿ ಎಲ್ಲರನ್ನೂ ಸುಮ್ಮನಾಗಿಸಿದರು.

“ಸಾಹುಕಾರ ಎರಡು ಇಂಚು ಇಳಿದ. ಎಲ್ಲರೂ ನಂಬಿದರು, ನಡೀತಾನೆ ಅಂತ. ಗುಮಾಸ್ತ ಎರಡು ಇಂಚು ಇಳಿದ. ಅವನಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಳು, ಸೊಸೆ ಹಾಕಲ್ಲ ಅಂತ. ಇವನು ಎರಡು ಇಂಚು ಇಳಿದ, ಕಾಯಿಲೆ ಅಂತ. ನಾನು ಎರಡು ಇಂಚು ಇಳಿದೆ, ಮುದುಕ ಅಂತ. ಈಗ ಈ ಜಾಗ ಎರಡು ಇಂಚು ಇಳಿದಿದೆ. ಇದು ನಡೆಯಲ್ಲ. ಇದಕ್ಕೆ ಸೊಸೆ ಇಲ್ಲ. ಕಾಯಿಲೆ ಇಲ್ಲ. ಇದಕ್ಕೆ ಸನ್ಮಾನವೂ ಇಲ್ಲ.” ಮೇಷ್ಟ್ರು ಉಸಿರು ತೆಗೆದುಕೊಂಡರು. “ಈ ಐದಕ್ಕೂ ಒಂದೇ ಕಾರಣ ಇರಬೇಕು. ಐದನ್ನೂ ಮುಟ್ಟಿದ್ದು ಯಾವುದು?”

ಎಲ್ಲರ ಕಣ್ಣೂ ಮೇಜಿನ ಮೇಲೆ ಮಡಿಸಿಟ್ಟ ಹಳದಿ ಟೇಪಿನ ಕಡೆ ತಿರುಗಿದವು. ಅರ್ಧಿಂಚಪ್ಪ ಅದನ್ನು ಎದೆಗೆ ಅವುಚಿಕೊಂಡ. “ಇಲ್ಲ! ಇದು ತಪ್ಪಲ್ಲ. ಬೇಕಾದ್ರೆ ನನಗೆ ಕಾಯಿಲೆಯೇ ಇರಲಿ!”

“ತುದಿ ನೋಡಯ್ಯಾ,” ಎಂದರು ಮೇಷ್ಟ್ರು.

“ತುದಿ ಏನು ನೋಡೋದು? ತುದಿ ಇದ್ದಲ್ಲೇ...”

“ಅಯ್ಯೋ ದೇವರೇ!” ಎಂದು ಒಳಗಿನಿಂದ ಹೆಂಡತಿ ಕೂಗಿದ್ದು ಆಗಲೇ. ಚಿಂದಿಯ ಚೀಲ ಎಳೆದುಕೊಂಡು ಬಂದು ನೆಲಕ್ಕೆ ಸುರಿದಳು. ಬಣ್ಣಬಣ್ಣದ ಚೂರುಗಳ ನಡುವೆ ಕೈಯಾಡಿಸಿ, ಒಂದು ಹಳದಿ ಚೂರನ್ನು ಹೆಕ್ಕಿ ಗಂಡನ ಅಂಗೈಯಲ್ಲಿಟ್ಟಳು. “ಎಳೆ ಬಿಚ್ಚಿತ್ತು ರೀ. ನೀವು ಮಲಗಿದ್ರಿ. ಚೆನ್ನಾಗಿ ಕಾಣಲಿ ಅಂತ ಕತ್ತರಿಸಿ ಕಾಜಾ ಹಾಕಿದೆ.”

ಅರ್ಧಿಂಚಪ್ಪ ಚೂರನ್ನು ಬೆಳಕಿಗೆ ಹಿಡಿದ. ಒಂದು ಕಡೆ ಕೆದರಿದ ಎಳೆ, ಇನ್ನೊಂದು ಕಡೆ ಹೆಂಡತಿಯ ನೇರವಾದ ಕತ್ತರಿ. ನಡುವೆ ಕಪ್ಪು ಶಾಯಿಯಲ್ಲಿ: ಒಂದು, ಎರಡು. ಜೀವನದಲ್ಲಿ ಮೊದಲ ಸಲ ಟೇಪಿನ ತುದಿಯನ್ನು ನೋಡಿದ. ಅದು ಮೂರಕ್ಕೆ ಹೊರಟಿತ್ತು.

“ಅಂದ್ರೆ ಮೈ ಮೂವತ್ತಾರು ಇದ್ದರೆ ಟೇಪು ಮೂವತ್ತೆಂಟು ಅಂತು,” ಎಂದ, ಚಿಕ್ಕ ಮಗು ಪಾಠ ಒಪ್ಪಿಸುವಂತೆ. “ನಾನು ಮರದ ಸ್ಕೇಲಿನಲ್ಲಿ ನಿಜವಾದ ಮೂವತ್ತೆಂಟು ಕತ್ತರಿಸಿದೆ. ಅಂದ್ರೆ... ಅಂದ್ರೆ ನಾನು...”

“ಐವತ್ತೆಂಟು ಕಿಲೋ,” ಎಂದರು ಮೇಷ್ಟ್ರು. “ಹತ್ತು ವರ್ಷದಿಂದ.”

“ನಾನೇ ನಿಮ್ಮನ್ನ ಕೊಲ್ಲೋಕೆ ಹೊರಟಿದ್ದೆನಲ್ಲಾ!” ಎಂದು ಹೆಂಡತಿ ಅಳಲು ಶುರುಮಾಡಿದಳು.

ಅರ್ಧಿಂಚಪ್ಪ ಅವಳ ಕಡೆ ನೋಡಿದ, ಚೂರಿನ ಕಡೆ ನೋಡಿದ. ಸಿಟ್ಟು ಬರಬೇಕಾದ ಜಾಗದಲ್ಲಿ ಹುಡುಕಿದ; ಅಲ್ಲಿ ಹೊಟ್ಟೆ ಮಾತ್ರ ಇತ್ತು, ಅದು ಒಂದು ವಾರದಿಂದ ಖಾಲಿ.

“ಅಳಬೇಡ ಕಣೇ,” ಎಂದ. “ಹಸಿವಾಗ್ತಿದೆ. ಏನಿದೆ?”

ಅವನು ಒಂದು ವಾರದ ಊಟವನ್ನು ಒಂದೇ ತಟ್ಟೆಯಲ್ಲಿ ಮುಗಿಸುವಾಗ ಬಾಗಿಲಲ್ಲಿ ನಿಂತ ಭಾವಮೈದುನ ಕೆಮ್ಮಿದ. “ಆದ್ರೂ ಭಾವ, ಒಂದು ರಕ್ತ ಪರೀಕ್ಷೆ ಮಾಡಿಸಿಬಿಟ್ಟಿದ್ರೆ...”

“ಬೀಗದ ಕೈ ಇತ್ತ ಕೊಡೋ,” ಎಂದಳು ಅಕ್ಕ, ಇನ್ನೊಂದು ಸೌಟು ಬಡಿಸುತ್ತ. ಕೊಟ್ಟ. ಅವನ ಮುಖ ಚಿಕ್ಕದಾದದ್ದನ್ನು ನೋಡಿ ಅವಳು ಅವನಿಗೂ ಒಂದು ತಟ್ಟೆ ಹಾಕಿದಳು.

ಸುದ್ದಿ ಬೀದಿಯನ್ನು ಸುತ್ತಿ ಬರಲು ಒಂದು ಗಂಟೆ ಸಾಕಾಯಿತು. ಮೆಷಿನ್ನಿನ ದುಪ್ಪಟಿ ಎಳೆದು ಅರ್ಧಿಂಚಪ್ಪ ಮೇಷ್ಟ್ರ ಕೋಟಿನ ತೋಳು ಬಿಚ್ಚುತ್ತಿದ್ದಾಗ ಸಾಹುಕಾರ ಬುಸುಗುಡುತ್ತ ಒಳಗೆ ಬಂದ.

“ಏನೋ ಟೇಪ್ ತಪ್ಪು ಅಂತ ಹಬ್ಬಿಸ್ತಿದ್ದೀಯಂತೆ?”

“ಹೌದು ಸಾಹುಕಾರ್ರೇ, ಕ್ಷಮಿಸಿ. ನಿಮ್ಮ ಸೊಂಟ ಮೊದಲೂ ನಲವತ್ತೆರಡು, ಈಗಲೂ ನಲವತ್ತೆರಡು. ಪ್ಯಾಂಟ್ ಕೊಡಿ, ಎರಡು ಇಂಚು ಹಿಡಿದುಕೊಡ್ತೀನಿ.”

“ಮುಟ್ಟಬೇಡ!” ಸಾಹುಕಾರ ಎರಡೂ ಕೈಯಲ್ಲಿ ಸೊಂಟ ಹಿಡಿದುಕೊಂಡ. “ಬೆಳಿಗ್ಗೆ ಐದೂವರೆಗೆ ಎದ್ದು ನಡೆದವನು ನಾನಾ, ನಿನ್ನ ಟೇಪಾ? ನಡೆದರೆ ಇಳಿಯುತ್ತೆ ಅನ್ನೋದು ಸುಳ್ಳಾ?”

“ಸುಳ್ಳಲ್ಲ, ಆದರೆ...”

“ಸುಳ್ಳಲ್ಲ ತಾನೆ? ಮುಗೀತು!” ಎಂದು ನಾಲ್ಕು ಬೆರಳು ತೋರಿಸಿ ಹೊರಟೇಹೋದ.

ಗುಮಾಸ್ತನ ತಾಯಿ ಅಂಗಿ ಹಿಡಿದುಕೊಂಡು ಬಂದಳು. ಈ ಸಲ ಜೊತೆಗೆ ಸೊಸೆಯೂ ಇದ್ದಳು. ಅರ್ಧಿಂಚಪ್ಪ ಹಳದಿ ಚೂರನ್ನು ಬೆಂಚಿನ ಮೇಲಿಟ್ಟು ಎಲ್ಲವನ್ನೂ ತಿಳಿಸಿ ಹೇಳಿದ. ಸೊಸೆಯ ಮುಖದಲ್ಲಿ ಎಂಟು ದಿನದ ಮೋಡ ಸರಿಯಿತು. ತಾಯಿ ಚೂರನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ಸರಿ ಬಿಡಿ, ಟೇಪಿನ ಪಾಲು ಒಂದು ಇಂಚು ಇರಬಹುದು,” ಎಂದಳು ಕೊನೆಗೆ. “ಉಳಿದ ಒಂದು ಇವಳದೇ.”

“ಒಂದೇನಾ ಅತ್ತೆ?” ಎಂದಳು ಸೊಸೆ. “ಬೆಳಿಗ್ಗೆವರೆಗೂ ಎರಡಿತ್ತಲ್ಲ. ನಾನೂ ಇಳಿದೆ ಅನ್ನಿ.”

ತಾಯಿ ನಗಬಾರದೆಂದು ಗಟ್ಟಿಯಾಗಿ ತುಟಿ ಕಚ್ಚಿಕೊಂಡಳು. ತುಟಿ ಮಾತು ಕೇಳಲಿಲ್ಲ.

ಎಲ್ಲರೂ ಹೋದ ಮೇಲೆ ಅಂಗಡಿ ತಣ್ಣಗಾಯಿತು. ಬಡಗಿ ಬೀರಿನ ಒಂದು ಪಕ್ಕ ಎರಡು ಇಂಚು ಕತ್ತರಿಸಿ ಬಟ್ಟೆ ಇಡಲು ಕೂರಿಸಿಕೊಡುತ್ತೇನೆಂದು ಒಪ್ಪಿ ಹೋಗಿದ್ದ. ಮೇಷ್ಟ್ರು ಸ್ಟೂಲಿನ ಮೇಲೆ ಕೂತು ತಮ್ಮ ಕೋಟಿನ ಒಂದು ತೋಳು ಮುಗಿದು ಇನ್ನೊಂದು ಸೂಜಿಯಡಿ ಹೋಗುವುದನ್ನು ನೋಡುತ್ತಿದ್ದರು.

“ನಲವತ್ತು ವರ್ಷ ಹೇಳಿಕೊಟ್ಟೆ ಕಣಯ್ಯಾ,” ಎಂದರು. “ವಾದದ ಕೊನೆಯ ಮಾತು ಒಪ್ಪಿಗೆಯಾದರೆ ಮೊದಲ ಮಾತನ್ನ ಯಾರೂ ತಿರುಗಿ ನೋಡಲ್ಲ, ಅದಕ್ಕೇ ನೋಡಬೇಕು ಅಂತ. ನನ್ನ ತೋಳಿಗೆ ಬಂದಾಗ ನಾನೇ ನೋಡಲಿಲ್ಲ. ಆ ಗೋಡೆಗೆ ಇರೋ ಬುದ್ಧಿ ನಮಗಿರಲಿಲ್ಲ.”

ಅರ್ಧಿಂಚಪ್ಪ ತಲೆಯಾಡಿಸಿದ. ಅವನ ಕಣ್ಣು ಮೂಲೆಯಲ್ಲಿ ಒರಗಿದ್ದ ಬೋರ್ಡಿನ ಮೇಲಿತ್ತು. “ಜೀವ ಉಳೀತು, ಅಂಗಡಿ ಉಳೀತು. ಆದರೆ ಇನ್ನು ಅದನ್ನ ಹಾಕೋಕೆ ನನಗೆ ಮುಖ ಇಲ್ಲ ಮೇಷ್ಟ್ರೇ.”

“ಯಾಕಿಲ್ಲ?” ಎಂದಳು ಹೆಂಡತಿ ಮೂಲೆಯಿಂದ, ಹಲ್ಲಲ್ಲಿ ನೂಲು ಕತ್ತರಿಸಿ. “ಬೋರ್ಡಲ್ಲಿ ಏನು ಬರೆದಿದೆ? ಅರ್ಧ ಇಂಚೂ ತಪ್ಪಲ್ಲ ಅಂತ. ನೀವು ತಪ್ಪಿದ್ದು ಅರ್ಧ ಇಂಚಾ? ಎರಡು ಇಂಚು. ಎರಡರ ಮಾತು ಅದರಲ್ಲಿ ಎಲ್ಲಿದೆ? ಬೋರ್ಡು ಹೇಗೆ ಸುಳ್ಳಾಯ್ತು?”

ಮೆಷಿನ್ನು ನಿಂತಿತು. ಅರ್ಧಿಂಚಪ್ಪ ಆ ಮಾತನ್ನು ಒಳಗೆ ಒಂದು ಸಲ ಹೊರಳಿಸಿದ. ಎರಡನೆಯ ಸಲ ಹೊರಳಿಸುವ ಅಗತ್ಯ ಕಾಣಲಿಲ್ಲ. ಅವನ ಮುಖ ಅರಳಿತು.

“ಹೌದಲ್ವಾ!” ಎಂದ. “ನನಗೆ ಹೊಳೀಲೇ ಇಲ್ಲ ನೋಡಿ. ಏನಂತೀರಿ ಮೇಷ್ಟ್ರೇ, ಸರಿಯಾಗಿದೆ ತಾನೆ ವಾದ?”

ಮೇಷ್ಟ್ರು ಬಾಯಿ ತೆರೆದರು. ನಲವತ್ತು ವರ್ಷದ ಪಾಠ ನಾಲಿಗೆಯ ತುದಿಗೆ ಬಂತು. ಗಡಿಯಾರ ನಾಲ್ಕೂಕಾಲು ತೋರಿಸುತ್ತಿತ್ತು. ಕೋಟಿನ ಎರಡನೆಯ ತೋಳು ಇನ್ನೂ ಸೂಜಿಯಡಿ ಅರ್ಧಕ್ಕೇ ಇತ್ತು. ಮೇಷ್ಟ್ರು ಬಾಯಿ ಮುಚ್ಚಿದರು.

ತೋಳು ಮುಗಿಯಿತು. ಮೇಷ್ಟ್ರು ಕೋಟು ತೊಟ್ಟರು. ಅರ್ಧಿಂಚಪ್ಪ ಸ್ಟೂಲನ್ನು ಬಾಗಿಲಿಗೆ ಎಳೆದು, ಹತ್ತಿ, ಹಳೆಯ ಮೊಳೆಗಳಿಗೆ ಬೋರ್ಡನ್ನು ತಗುಲಿಹಾಕಿದ. ಮೇಷ್ಟ್ರು ಕೆಳಗೆ ಸ್ಟೂಲು ಹಿಡಿದುಕೊಂಡಿದ್ದರು.

“ನೇರ ಇದೆಯಾ ಮೇಷ್ಟ್ರೇ?”

ಬೋರ್ಡು ಎಡಕ್ಕೆ ಚೆನ್ನಾಗಿಯೇ ವಾಲಿತ್ತು. ಮೇಷ್ಟ್ರು ಸ್ಟೂಲು ಹಿಡಿದ ತಮ್ಮ ಕೈಗಳನ್ನು ನೋಡಿಕೊಂಡರು. ಹತ್ತು ಬೆರಳೂ ತೋಳಿನಿಂದ ಹೊರಗೆ, ಇರಬೇಕಾದಷ್ಟೇ ಹೊರಗೆ ಇದ್ದವು.

“ನೇರವಾಗಿದೆ,” ಎಂದರು.